ಮಾಬುಸೆಲಾನ ಕಿವಿ

ಮಮೆಲೋಡಿ ಪಶ್ಚಿಮ, ಪ್ರಿಟೋರಿಯಾ
ಶನಿವಾರ, 20 ಮೇ 2006

ನನ್ನ ಮುದ್ದಿನ, ಮಹಾಮೊಂಡ ತಮ್ಮ ಫೆಟೊಲೆಗೆ,

ಹೇಗಿದ್ದೀಯ? ಬೆನ್ನಿನ ಆ ಹಳೇ ನೋವು ಹೇಗಿದೆ? ಮುಸಿನಾದ ಒಣಬಿಸಿಲಿಗೆ ನಿನ್ನ ಮೂಗಿನಿಂದ ರಕ್ತ ಒಸರುತ್ತದೆಂದು ಆ ಕಡೆಯಿಂದ ಬಂದ ಲಾರಿಯವನೊಬ್ಬ ಹೇಳಿದ. ನಿಂತಿತೇ, ಇನ್ನೂ ಇದೆಯೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಟಿನ್ ಮೀನು ಬಿಚ್ಚಿ ಬ್ರೆಡ್ಡಿನ ಮೇಲೆ ಸುರಿದುಕೊಂಡು ಮಲಗುತ್ತೀಯೋ? ಪಾಪ್ ಮುದ್ದೆ ಬೇಯಿಸುವಾಗ ಹಿಟ್ಟನ್ನು ಚೆನ್ನಾಗಿ ತಿರುವಬೇಕು, ಕೈ ಸೋಲುವ ತನಕ ತಿರುವಬೇಕು, ಇಲ್ಲವಾದರೆ ಹೊಟ್ಟೆ ಕೆಡುತ್ತದೆ ಎಂದು ನಿನಗೆ ಐವತ್ತೊಂದು ವರ್ಷಗಳಿಂದ ಹೇಳುತ್ತಿದ್ದೇನೆ. ನನ್ನ ವಿಷಯ ಕೇಳುವುದಾದರೆ, ಮಂಡಿನೋವು ಇದೆ, ಸಕ್ಕರೆ ಕಾಯಿಲೆ ಇದೆ, ನಾಲಿಗೆಯೂ ಇದೆ; ಮೂರರಲ್ಲಿ ಯಾವುದೂ ಕಡಿಮೆಯಾಗಿಲ್ಲ. ಹದಿನಾಲ್ಕು ಸಲ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ಒಳ್ಳೆಯದು. ಫೋನಾದರೆ ಗುಂಡಿ ಒತ್ತಿ ನನ್ನ ಬಾಯಿ ಮುಚ್ಚಿಸಬಹುದು, ಈ ಕಾಗದದ ಬಾಯಿಯನ್ನು ಹೇಗೆ ಮುಚ್ಚಿಸುತ್ತೀ ನೋಡೋಣ. ಟೊಮೆಟೊ ಪೆಟ್ಟಿಗೆಗೆ ಮೊಳೆ ಬಡಿಯುವ ಸುತ್ತಿಗೆಯನ್ನು ಕೆಳಗಿಡು. ಕೂತುಕೋ. ನಿನ್ನ ಅಕ್ಕ ಸೇಡು ತೀರಿಸಿಕೊಂಡಿದ್ದಾಳೆ!

ಹೌದು, ನಿನ್ನ ಸ್ಪೀಕರ್ ಪೆಟ್ಟಿಗೆಗಳು ಸಂಘಕ್ಕೆ ಮರಳಿವೆ. ಕಳೆದ ಆಗಸ್ಟಿನಲ್ಲಿ ನೀನು ಚೀಲ ಹೆಗಲಿಗೇರಿಸಿಕೊಂಡು ನನ್ನ ಗೇಟಿನಲ್ಲಿ ನಿಂತು, "ಹೊರಗೆ ಹಾಕಿದೋರೇ ಹೆಗಲ ಮೇಲೆ ಹೊತ್ಕೊಂಡು ವಾಪಸ್ ತರ್ಬೇಕು ಅಕ್ಕಾ, ಅಲ್ಲೀ ತನ್ಕ ಈ ಬೀದೀಲಿ ನನ್ನ ಮುಖ ಕಾಣಲ್ಲ" ಅಂದೆಯಲ್ಲ? ಹೊತ್ತರು! ಅದೇ ಹೆಗಲುಗಳು, ಅದೇ ಜನ! ಮುಂದೆ ನಿಂತು ಹೊತ್ತವನು ಯಾರು ಗೊತ್ತೇ? ನಮ್ಮ ಸಂಘದ ಅಧ್ಯಕ್ಷ, ಮೂವತ್ತು ವರ್ಷ ಬಸ್ಸು ಓಡಿಸಿಯೂ ಒಂದು ದಿನವೂ ತನ್ನ ಮನಸ್ಸು ಹೇಳಿದ ಕಡೆ ತಿರುಗದ ಎಲಿಫಾಸಣ್ಣ. ಕೋಟಿನ ಬೆನ್ನೆಲ್ಲ ಬೆವೆತಿತ್ತು. ಆ ಬೆವರನ್ನು ಬಾಟಲಿಯಲ್ಲಿ ತುಂಬಿ ನಿನಗೆ ಕಳಿಸಬೇಕೆನ್ನಿಸಿತು.

ಇನ್ನು ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ, ತಾಳಿಕೊಂಡು ಓದು. ಅಪರಾಧವನ್ನು ಬಿಟ್ಟು ಶಿಕ್ಷೆಯನ್ನಷ್ಟೇ ಹೇಳಿದರೆ ಬಾಯಿಗೆ ರುಚಿ ಹತ್ತುವುದಿಲ್ಲ. ನಮ್ಮ ಎರಡು ಗಂಟೆಯ ಜಾಝ್ ಸಂಘ ಹುಟ್ಟಿದಾಗ ನಮ್ಮಲ್ಲಿ ಯಾರಿಗೂ ಸಂಗೀತದ ಒಂದಕ್ಷರ ಬರುತ್ತಿರಲಿಲ್ಲ. ಭಾನುವಾರ ಎರಡು ಗಂಟೆಗೆ ಒಬ್ಬರ ಅಂಗಳದಲ್ಲಿ ಸೇರುವುದು, ಅವರವರ ರೆಕಾರ್ಡುಗಳನ್ನು ಅವರವರು ತರುವುದು, ತಟ್ಟೆಯ ಮೇಲೆ ಮುಳ್ಳು ಇಳಿದ ಕೂಡಲೇ ಬಾಯಿ ಮುಚ್ಚುವುದು, ಯಾರ ಕಾಲಿಗೆ ತಡೆಯಲಾಗುವುದಿಲ್ಲವೋ ಅವರು ಎದ್ದು ಸ್ಪೀಕರಿಗೆ ಹ್ಯಾಟು ತೆಗೆದು ನಮಸ್ಕಾರ ಮಾಡಿ ಒಬ್ಬರೇ ಕುಣಿಯುವುದು. ಅಷ್ಟೇ ತಾನೇ ನಮ್ಮ ಶಾಸ್ತ್ರ? ಒಳ್ಳೆಯ ರೆಕಾರ್ಡು ಯಾವುದು ಎಂದು ತೀರ್ಮಾನಿಸುತ್ತಿದ್ದದ್ದು ಎರಡು ಬಣ್ಣದ ಬೂಟುಗಳು. ಹನ್ನೊಂದು ವರ್ಷ ಆ ಬೂಟುಗಳು ಕುಣಿದದ್ದು ನಿನ್ನ ಪೆಟ್ಟಿಗೆಗಳ ಮುಂದೆ. ಶವಪೆಟ್ಟಿಗೆ ಅಂಗಡಿಯಲ್ಲಿ ದಿನವಿಡೀ ದುಡಿದು, ಉಳಿದ ಹಲಗೆಗಳನ್ನು ಮಾಲೀಕನಿಂದ ಕೇಳಿ ತಂದು, ನನ್ನ ಹಿತ್ತಿಲ ಕೋಣೆಯಲ್ಲಿ ನೀನು ಉಜ್ಜಿ, ಅಂಟಿಸಿ, ತಟ್ಟಿ ಕೇಳಿ, ಮತ್ತೆ ಬಿಚ್ಚಿ, ಮತ್ತೆ ಅಂಟಿಸಿ ಮಾಡಿದ ಪೆಟ್ಟಿಗೆಗಳು. ಅಂಟಿನ ವಾಸನೆಗೆ ಒಂದು ತಿಂಗಳು ನನ್ನ ಊಟವೆಲ್ಲ ಬಡಗಿಯ ಊಟವಾಗಿತ್ತು.

ಆಮೇಲೆ ಬಂದ, ಕಾರ್ನೀಲಿಯಸ್ ಮಾಬುಸೆಲಾ! ಶುಕ್ರವಾರದ ಪೇಪರಿನಲ್ಲಿ ಅರ್ಧ ಪುಟದ ಅಂಕಣ, ಕುತ್ತಿಗೆಗೆ ಹಳದಿ ವಸ್ತ್ರ, ಕೈಯಲ್ಲಿ ಪುಟ್ಟ ಪುಸ್ತಕ. ನಾವು ಮೊಗೊಡು ಬೇಯಿಸಿ ಬಡಿಸಿದೆವು. ಕರುಳಿನ ಒಂದು ಚೂರನ್ನೂ ಬಿಡದೆ ತಿಂದ, ಮೂರು ಲೋಟ ಶುಂಠಿ ಗೆಮೆರೆ ಕುಡಿದ, ಬೆರಳು ನೆಕ್ಕಿದ, ಹೋಗಿ ಬರೆದ. ಆ ಸಾಲುಗಳು ನನಗೆ ಬಾಯಿಪಾಠ. "ಈ ಪೆಟ್ಟಿಗೆಗಳನ್ನು ಮಾಡಿದಾತ ವೃತ್ತಿಯಿಂದ ಶವಪೆಟ್ಟಿಗೆ ಮಾಡುವವನು, ಕೇಳಿದರೆ ಅದು ಗೊತ್ತಾಗುತ್ತದೆ. ಸಂಗೀತ ಇವುಗಳೊಳಗೆ ಕೈ ಜೋಡಿಸಿಕೊಂಡು ಮಲಗಿದೆ. ಬೇಸ್ ವಾದ್ಯದ ತಗ್ಗು ತಂತಿ ಮಿಡಿದಾಗಲೆಲ್ಲ ಹಿಂಬದಿಯ ಹಲಗೆ ಗುಂಯ್ ಎಂದು ಗೊಣಗುತ್ತದೆ, ಪಕ್ಕದ ಮನೆಯವರು ಬೀರು ಎಳೆದಂತೆ. ಹವ್ಯಾಸಿಗಳು ತಮ್ಮ ಕಿವಿಯನ್ನು ನಂಬಿ ಮೋಸಹೋಗುವ ಬದಲು ಬಲ್ಲವರನ್ನು ಕೇಳುವುದು ಲೇಸು." ಲೇಸಂತೆ! ನನ್ನ ಮೊಗೊಡು ಅವನ ಹೊಟ್ಟೆಯಲ್ಲಿ ಕಲ್ಲಾಗಬಾರದಿತ್ತೇ!

ಆದರೆ ನನ್ನ ಸಿಟ್ಟು ಅವನ ಮೇಲಷ್ಟೇ ಅಲ್ಲ. ಹನ್ನೊಂದು ವರ್ಷ ಕುಣಿದ ಬೂಟುಗಳ ಮೇಲೆ. ಮುಂದಿನ ಭಾನುವಾರ ಎಲ್ಲರ ಜೇಬಿನಲ್ಲೂ ಆ ಪೇಪರಿನ ತುಂಡು. ಬೇಸ್ ಬಂದಾಗಲೆಲ್ಲ ಒಬ್ಬರ ಮುಖ ಒಬ್ಬರು ನೋಡಿ, "ಬಂತು ನೋಡು, ಗುಂಯ್ ಅಂತು, ಕೇಳ್ಸಿತಾ?" "ಕೇಳ್ಸಿತಪ್ಪ, ಅಯ್ಯೋ, ಇಷ್ಟು ವರ್ಷ ಹೆಂಗ್ ಸಹಿಸ್ಕೊಂಡ್ವಿ!" ಎನ್ನುವುದು. ನೀನು ಅಲ್ಲೇ ಕುರ್ಚಿಯ ಮೇಲೆ ಹ್ಯಾಟು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಒಂದು ತಿಂಗಳಲ್ಲಿ ಸಂಘದ ಮೂರು ವರ್ಷದ ವಂತಿಗೆಯೆಲ್ಲ ಸುರಿದು, ಮಾಬುಸೆಲಾ ಐದು ನಕ್ಷತ್ರ ಕೊಟ್ಟ ಡೆನ್ಮಾರ್ಕಿನ ಪೆಟ್ಟಿಗೆಗಳನ್ನು ತಂದರು. ನಿನ್ನವನ್ನು ಎಲಿಫಾಸಣ್ಣನ ಕೋಳಿಗೂಡಿನ ಪಕ್ಕ ಇಟ್ಟರು. ನಾನು ಸೊಂಟಕ್ಕೆ ಕೈಯಿಟ್ಟು ಕೇಳಿದೆ, "ಎಲಿಫಾಸಣ್ಣ, ನಿಮ್ಮ ಕಿವಿ ಏನು ಹೇಳ್ತದೆ?" ಅವನು ನೆಲ ನೋಡುತ್ತ, "ಪೇಪರ್ನಲ್ಲೇ ಬಂದ್ಬಿಟ್ಟಿದೆ ಹುನಾಡಕ್ಕಾ, ನನ್ನ ಕಿವಿ ಕಟ್ಕೊಂಡು ಏನು ಮಾಡೋಣ?" ಅಂದ. ಆ ದಿನ ಕೈಗಾಡಿ ತಂದು ಪೆಟ್ಟಿಗೆಗಳನ್ನು ನನ್ನ ಹೊಲಿಗೆ ಕೋಣೆಗೆ ಸಾಗಿಸಿದೆ. ಮಾರನೆಯ ವಾರ ನೀನು ಹೊರಟೆ.

ನೀನು ಹೋದ ಮೇಲೆ ಅಲ್ಲಿ ಇನ್ನೊಂದು ರೋಗ ಹತ್ತಿತು. ಮಾಬುಸೆಲಾ ತಿಂಗಳಿಗೊಮ್ಮೆ ಅತಿಥಿಯಾಗಿ ಬರತೊಡಗಿದ. ಹೊಸ ರೆಕಾರ್ಡು ಹಾಕಿದರೆ ಯಾರೂ ಏಳುವುದಿಲ್ಲ. ನಲವತ್ತು ಜನರ ಎಂಬತ್ತು ಕಣ್ಣು ಅವನ ಹುಬ್ಬಿನ ಮೇಲೆ. ಹುಬ್ಬು ಮೇಲೇರಿತೋ, ಎಲ್ಲರೂ ಎದ್ದು ಕುಣಿದರು. ಹುಬ್ಬು ಗಂಟಾಯಿತೋ, ಎಲ್ಲರೂ ತಟ್ಟೆಯಲ್ಲಿ ಊಟ ಹುಡುಕಿದರು. ಒಂದು ಜೊತೆ ಹುಬ್ಬಿಗೆ ಕುಣಿಯುವ ಸಂಘ! ಅದನ್ನು ನೋಡುತ್ತ ಕೂತಿದ್ದ ಒಂದು ಭಾನುವಾರ ನನಗೆ ಹೊಳೆಯಿತು: ಈ ಮನುಷ್ಯನ ಬಲವೆಲ್ಲ ಇರುವುದು ಅವನು ಪೆಟ್ಟಿಗೆಯನ್ನು ಕಣ್ಣಿನಿಂದ ನೋಡುವುದರಲ್ಲಿ, ಇವರು ಅವನನ್ನು ಕಣ್ಣಿನಿಂದ ನೋಡುವುದರಲ್ಲಿ. ನಡುವೆ ಒಂದು ತೆರೆ ಎಳೆದರೆ? ನಾನು ಹರೆಯದಲ್ಲಿ ನಾಟಕದ ಲಾರಿ ಹತ್ತಿ ಊರೂರು ತಿರುಗಿದವಳು, ಮಲತಾಯಿಯ ಪಾರ್ಟಿನಲ್ಲಿ ಮೈಕಿಲ್ಲದೆ ಕೊನೆಯ ಬೆಂಚನ್ನು ನಡುಗಿಸಿದವಳು. ತೆರೆಯ ಶಕ್ತಿ ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು?

ಮೇ ಹದಿನಾಲ್ಕಕ್ಕೆ ಸಂಘಕ್ಕೆ ಮೂವತ್ತು ತುಂಬುತ್ತಿತ್ತು. ಬೇರೆ ಆರು ಸಂಘದವರು ಬರುವವರಿದ್ದರು. ನಾನು ಸಕ್ಕರೆಯ ನಾಲಿಗೆ ತೊಟ್ಟುಕೊಂಡು ಮಾಬುಸೆಲಾನ ಬಳಿಗೆ ಹೋದೆ. "ಸಾಹೇಬ್ರೇ, ನಿಮ್ಮ ಕಿವಿಗೆ ಒಂದು ಸನ್ಮಾನ ಇಟ್ಕೊಂಡಿದ್ದೀವಿ. ತೆರೆ ಹಿಂದೆ ಎರಡು ಜೊತೆ ಪೆಟ್ಟಿಗೆ. ಒಂದೇ ರೆಕಾರ್ಡು, ಎರಡು ಸಲ. ಯಾವುದು ಡೆನ್ಮಾರ್ಕು, ಯಾವುದು ಶವಪೆಟ್ಟಿಗೆ, ನೀವು ಹೇಳ್ಬೇಕು. ಜನ ನೋಡಿ ಬೆರಗಾಗ್ಲಿ" ಅಂದೆ. ಹೊಗಳಿಕೆ ಅಂದರೆ ಅವನಿಗೆ ಬೆಣ್ಣೆ. "ಅದ್ಯಾವ ಪರೀಕ್ಷೆ ಮೇಡಂ, ಮಲಗಿದ್ರೂ ಹೇಳ್ತೀನಿ" ಎಂದು ಹಳದಿ ವಸ್ತ್ರ ಸರಿಮಾಡಿಕೊಂಡ. "ಸೋತ್ರೆ?" ಅಂದೆ. ನಕ್ಕ. "ಸೋತ್ರೆ ನಿಮ್ಮ ತಮ್ಮನ ಡಬ್ಬಗಳ್ನ ನಿಮ್ಮ ಸಂಘದೋರು ತಲೆ ಮೇಲೆ ಹೊತ್ಕೊಂಡು ಮೆರವಣಿಗೆ ಮಾಡ್ಲಿ, ನಾನು ಮುಂದೆ ನಿಂತು ಸೀಟಿ ಊದ್ತೀನಿ. ಗೆದ್ರೆ?" ಆಗ ನನ್ನೊಳಗಿನ ಮಲತಾಯಿ ಎದ್ದುಬಿಟ್ಟಳು ನೋಡು. ಎದೆ ತಟ್ಟಿಕೊಂಡು, "ಗೆದ್ರೆ, ಎಲ್ಲರ ಎದುರಿಗೆ ಆ ಪೆಟ್ಟಿಗೆಗಳ್ನ ನಾನೇ ಕೊಡಲೀಲಿ ಸೀಳಿ ಮೊಗೊಡು ಬೇಯಿಸೋ ಒಲೆಗೆ ಹಾಕ್ತೀನಿ!" ಅಂದುಬಿಟ್ಟೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆದರೆ ರಂಗದ ಮೇಲೆ ಆಡಿದ ಮಾತನ್ನು ನುಂಗುವ ರೂಢಿ ನನಗಿಲ್ಲ.

ನನ್ನ ಹೊಲಿಗೆ ಯಂತ್ರದಲ್ಲಿ ಎರಡು ಪದರದ ಕಪ್ಪು ಬಟ್ಟೆ ಹೊಲಿದೆ. ಎಲಿಫಾಸಣ್ಣನ ಅಂಗಳದ ಡೇರೆಗೆ ಈ ತುದಿಯಿಂದ ಆ ತುದಿಗೆ ಕಟ್ಟಿದೆ. ಹಿಂದೆ ಎರಡೂ ಜೊತೆ ಪೆಟ್ಟಿಗೆ, ನಡುವೆ ಒಂದು ತಿರುಪು. ಈ ಕಡೆ ತಿರುಗಿಸಿದರೆ ಡೆನ್ಮಾರ್ಕು, ಆ ಕಡೆ ತಿರುಗಿಸಿದರೆ ನೀನು. ತಿರುಪಿನ ಬಳಿ ಯಾರನ್ನು ಕೂರಿಸುವುದು? ನನ್ನನ್ನು ಅವನು ಒಪ್ಪುವುದಿಲ್ಲ, ಎಲಿಫಾಸಣ್ಣನನ್ನು ನಾನು ಒಪ್ಪುವುದಿಲ್ಲ. ಕೊನೆಗೆ ಇಬ್ಬರೂ ಒಪ್ಪಿದ್ದು ಸಾಲ್ಫಿನಜ್ಜಿಯನ್ನು. ಎಂಬತ್ಮೂರರ ಮುದುಕಿ, ಚರ್ಚಿನ ಹಿರಿತಲೆ, ಇಪ್ಪತ್ತು ವರ್ಷದಿಂದ ಕಿವಿ ಸಂಪೂರ್ಣ ಕೆಪ್ಪು. ಅವಳಿಗೆ ಡೆನ್ಮಾರ್ಕೂ ಒಂದೇ, ಕುಂಬಳಕಾಯಿಯೂ ಒಂದೇ. ಸ್ಲೇಟಿನ ಮೇಲೆ ಬರೆದು ತಿಳಿಸಿದೆವು: ನಾಣ್ಯ ಎಸೆ, ಯಾವುದನ್ನು ಮೊದಲು ಹಾಕಿದೆ, ಯಾವುದನ್ನು ಆಮೇಲೆ ಹಾಕಿದೆ ಎಂದು ಚೀಟಿಯಲ್ಲಿ ಬರಿ, ಕಡೆಗೆ ಹುನಾಡಿಯ ಕೈಗೆ ಕೊಡು, ಹುನಾಡಿ ಎಲ್ಲರಿಗೂ ಓದುತ್ತಾಳೆ. ಅವಳು ತಲೆಯಾಡಿಸಿ, ಕಾಲುಚೀಲ ಮೇಲೆಳೆದುಕೊಂಡು, ಬೈಬಲ್ ಕಂಕುಳಲ್ಲಿಟ್ಟುಕೊಂಡು ತೆರೆಯ ಹಿಂದೆ ಹೋಗಿ ಕೂತಳು.

ಆ ಭಾನುವಾರ ನೀನು ಇರಬೇಕಿತ್ತು! ಇನ್ನೂರೈವತ್ತು ಜನ. ದ್ರಾಕ್ಷಿ ಬಣ್ಣದ ನಮ್ಮ ಕೋಟುಗಳು, ಅಟ್ರಿಜ್‌ವಿಲ್ಲಿನ ಸಂಘದವರ ಹಸಿರು ಕೋಟುಗಳು, ಎಲ್ಲವನ್ನೂ ಹೊಲಿದವಳು ನಾನೇ. ಒಂದು ಕಡೆ ಮೂರು ಕಾಲಿನ ದೊಡ್ಡ ಹಂಡೆ ಒಲೆಯ ಮೇಲೆ ಕುದಿಯುತ್ತಿತ್ತು, ಒಲೆಗೆ ಒರಗಿಸಿ ಯಾವನೋ ಪುಣ್ಯಾತ್ಮ ಕೊಡಲಿಯನ್ನೂ ಇಟ್ಟಿದ್ದ. ಮಾಬುಸೆಲಾನನ್ನು ತೆರೆಯ ಎದುರಿಗೆ, ಎಲ್ಲರಿಗಿಂತ ಮುಂದೆ, ಒಂಟಿ ಕುರ್ಚಿಯ ಮೇಲೆ ಕೂರಿಸಿದೆ. ಜನಕ್ಕೆ ಕಂಡದ್ದು ಅವನ ಬೆನ್ನು ಮಾತ್ರ. ಹುಬ್ಬು ಯಾರಿಗೂ ಕಾಣುವಂತಿರಲಿಲ್ಲ! ಎಲಿಫಾಸಣ್ಣ ಮೆಲ್ಲಗೆ ಬಂದು, "ಅಕ್ಕಾ, ಕುರ್ಚಿ ಸ್ವಲ್ಪ ಪಕ್ಕಕ್ಕೆ ತಿರುಗಿಸ್ಲಾ, ಸಾಹೇಬ್ರ ಮುಖ ಕಾಣಲ್ಲ" ಅಂದ. "ಮದುಮಗಳಾ ಅವನು, ಮುಖ ನೋಡೋಕೆ? ಹೋಗಿ ಕೂತ್ಕೊಳ್ಳಿ" ಅಂದೆ. ರೆಕಾರ್ಡನ್ನು ಮಾಬುಸೆಲಾನೇ ಆರಿಸಿದ. ಆಳೆತ್ತರದ ಬೇಸ್ ವಾದ್ಯ ಒಂಟಿಯಾಗಿ, ಸಾವಕಾಶವಾಗಿ, ಬೀದಿಯ ತುದಿಯಿಂದ ನಡೆದು ಬರುವಂತೆ ಬರುತ್ತದಲ್ಲ, ಆ ಹಳೆಯದು.

ಮುಳ್ಳು ಇಳಿಯಿತು. ಮೊದಲ ಸಲ ಹಾಡು ಶುರುವಾಗಿ ಮುಗಿಯಿತು. ಚರ್ಚಿನಲ್ಲಿ ಕೂತಂತೆ ಕೂತಿದ್ದರು. ಒಂದು ಬೂಟೂ ಅಲುಗಲಿಲ್ಲ. ನೋಡಲು ಹುಬ್ಬಿಲ್ಲ, ಪಾಪ. ಎರಡನೆಯ ಸಲ ಮುಳ್ಳು ಇಳಿಯಿತು. ಈ ಸಲ ಸ್ವಲ್ಪ ಹೊತ್ತಿಗೆ ಎಲಿಫಾಸಣ್ಣನ ಹಿಮ್ಮಡಿ ತಾನಾಗಿಯೇ ನೆಲ ಕುಟ್ಟಲು ಹತ್ತಿತು. ಅಟ್ರಿಜ್‌ವಿಲ್ಲಿನ ಮುದುಕನೊಬ್ಬ ಎದ್ದ. ಹ್ಯಾಟು ತೆಗೆದು ತೆರೆಗೆ ನಮಸ್ಕಾರ ಮಾಡಿದ, ಕರವಸ್ತ್ರ ಬೀಸಿದ, ಬೂಟಿನ ಮೂತಿಯನ್ನು ಬಾಣದಂತೆ ಮುಂದೆ ಜಾರಿಸಿ ಒಂದು ಸುತ್ತು ತಿರುಗಿದ. ಆಮೇಲೆ ಇನ್ನೊಬ್ಬ. ಆಮೇಲೆ ಆರು ಜನ, ಹತ್ತು ಜನ, ಸೀಟಿ, ಕೇಕೆ! ಇರಲಿ, ಅವರ ಕುಣಿತ ಪಂದ್ಯದಲ್ಲಿರಲಿಲ್ಲ. ಪಂದ್ಯದಲ್ಲಿದ್ದದ್ದು ಅವನ ಕಿವಿ.

ಮಾಬುಸೆಲಾ ಎದ್ದು ನಿಂತ. ಜೇಬಿನಿಂದ ಪುಟ್ಟ ಪುಸ್ತಕ ತೆಗೆದ, ಮತ್ತೆ ಒಳಗಿಟ್ಟ. ಇದಕ್ಕೆಲ್ಲ ಪುಸ್ತಕ ಯಾಕೆ ಎನ್ನುವಂತೆ. "ಮೊದಲನೇದು ಗಾಜಿನ ಹಾಗೆ. ಪ್ರತಿಯೊಂದು ತಂತಿ ಬೇರೆ ಬೇರೆ ಕಾಣ್ತದೆ. ಅದು ಡೆನ್ಮಾರ್ಕು. ಎರಡನೇದ್ರಲ್ಲಿ ತಗ್ಗು ತಂತಿಗೆ ಹಿಂದಿನ ಹಲಗೆ ಗೊಣಗಿದ್ದು ನಿಮಗ್ಯಾರಿಗೂ ಕೇಳ್ಸಿಲ್ವಾ? ನೀವು ಕುಣಿದಿದ್ದು ಶವಪೆಟ್ಟಿಗೆಗೆ ಸ್ವಾಮಿ, ಶವಪೆಟ್ಟಿಗೆಗೆ!" ಎಂದು ಗಹಗಹಿಸಿ ನಕ್ಕ. ಕುಣಿದವರು ಕುರ್ಚಿಗಳಲ್ಲಿ ಮುದುಡಿಕೊಂಡರು. ಎಲಿಫಾಸಣ್ಣ ತನ್ನ ಹಿಮ್ಮಡಿಯನ್ನು ಕುರ್ಚಿಯ ಕೆಳಗೆ ಬಚ್ಚಿಟ್ಟ. ಯಾರೋ ಕೊಡಲಿಯನ್ನು ಎತ್ತಿ ನನ್ನ ಕಡೆ ಹಿಡಿದರು. ಫೆಟೊಲೆ, ನಿನ್ನಾಣೆ, ಹೆರಿಗೆಯಲ್ಲೂ ನನಗೆ ಅಷ್ಟು ಬೆವರು ಬಂದಿರಲಿಲ್ಲ.

ಸಾಲ್ಫಿನಜ್ಜಿ ತೆರೆಯನ್ನು ಸರಿಸಿಕೊಂಡು ಹೊರಗೆ ಬಂದಳು. ತಿರುಪನ್ನು ನಡುವಿಗೆ ತಂದಿಟ್ಟು ಬಂದಿದ್ದಳು, ಅಷ್ಟು ಶಿಸ್ತು. ತಲೆವಸ್ತ್ರದ ಮಡಿಕೆಯಿಂದ ಚೀಟಿ ತೆಗೆದು ನನ್ನ ಅಂಗೈಯಲ್ಲಿ ಇಟ್ಟಳು. ಬಿಚ್ಚಿದೆ. ನಾನು ಒಂದು ಹೆಜ್ಜೆ ಮುಂದೆ ಬಂದೆ, ಗದ್ದ ಎತ್ತಿದೆ, ಕೊನೆಯ ಬೆಂಚನ್ನು ನೋಡಿದೆ. ನಾನು ಓದಿದ್ದು ಏನು ಗೊತ್ತೇ? "ಮೊದಲು ಫೆಟೊಲೆಯದು! ಆಮೇಲೆ ಕೊಂಡದ್ದು!" ಓದಿದವಳೇ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ತುರುಕಿದೆ, ಅಲ್ಲಿಂದ ಅದನ್ನು ತೆಗೆಸಿ ಓದುವ ಧೈರ್ಯ ಇಡೀ ಮಮೆಲೋಡಿಯಲ್ಲಿ ಯಾವ ಗಂಡಸಿಗೂ ಇಲ್ಲ.

ಆಹಾ, ಆ ಮುಖ! ಒಂಬತ್ತು ತಿಂಗಳು ಕಾದದ್ದು ಆ ಮುಖಕ್ಕಾಗಿ. ಹುಬ್ಬುಗಳು ಮೇಲೇರಬೇಕೋ ಕೆಳಗಿಳಿಯಬೇಕೋ ತಿಳಿಯದೆ ಹಣೆಯ ಮಧ್ಯದಲ್ಲಿ ನಿಂತುಬಿಟ್ಟವು. ನಾನು ಬಿಡಲಿಲ್ಲ. "ಗಾಜಿನ ಹಾಗೆ ಅಂದ್ರಲ್ಲ ಸಾಹೇಬ್ರೇ? ಪ್ರತಿ ತಂತಿ ಬೇರೆ ಬೇರೆ ಅಂದ್ರಲ್ಲ? ಯಾರ ಪೆಟ್ಟಿಗೆ ಅದು? ಜೋರಾಗಿ ಹೇಳಿ, ಸಾಲ್ಫಿನಜ್ಜಿಗೂ ಕೇಳ್ಸಲಿ!" ಅಂದೆ. ಅಂಗಳ ನಗೆಯಲ್ಲಿ ಸ್ಫೋಟಗೊಂಡಿತು. ನಿನ್ನೆಯವರೆಗೆ ಅವನ ಹುಬ್ಬು ಓದುತ್ತಿದ್ದವರು "ಸೀಟಿ! ಸೀಟಿ ಊದಪ್ಪಾ!" ಎಂದು ಕೂಗಿದರು. ಯಾರೋ ಅವನ ಹಳದಿ ವಸ್ತ್ರವನ್ನೇ ಎಳೆದು ಕಂಬಕ್ಕೆ ಬಾವುಟವಾಗಿ ಕಟ್ಟಿದರು. ಎಂಟು ಜನ ನಿನ್ನ ಪೆಟ್ಟಿಗೆಗಳನ್ನು ಹೆಗಲಿಗೇರಿಸಿದರು, ನೀನು ದಿನವೂ ಮಾಡಿ ಕಳಿಸುತ್ತಿದ್ದ ಆ ಇನ್ನೊಂದು ಪೆಟ್ಟಿಗೆಯನ್ನು ಹೊರುವ ಹಾಗೆಯೇ, ಆದರೆ ನಗುತ್ತ. ಚರ್ಚಿನ ಮೂಲೆಯವರೆಗೆ ಹೋಗಿ ತಿರುಗಿ ಬಂದರು. ಮಾಬುಸೆಲಾ ಮುಂದೆ ನಡೆದು ಸೀಟಿ ಊದಿದ. ಮಾತಿಗೆ ತಪ್ಪಲಿಲ್ಲ. ಉಸಿರು ಸರಿಯಾಗಿ ಬರುತ್ತಿರಲಿಲ್ಲ, ಆದರೂ ಊದಿದ.

ಅವನು ಸೀಟಿ ಕೆಳಗಿಟ್ಟು ಹೊರಟುಹೋದ ಮೇಲೆ ತೆರೆ ಬಿಚ್ಚಿ, ನಿನ್ನ ಪೆಟ್ಟಿಗೆಗಳನ್ನು ಹಳೆಯ ಜಾಗದಲ್ಲಿಟ್ಟು, ಸಂಜೆಯವರೆಗೆ ನುಡಿಸಿದರು. ಅದೇ ಬಾಯಿಗಳು ಫೆಟೊಲೆ! "ಆಹಾ, ಎಂಥಾ ಸ್ವಚ್ಛ!" "ಗಾಜು, ಗಾಜು!" "ನಾನು ಅವತ್ತೇ ಹೇಳಿದ್ದೆ!" ಎಲಿಫಾಸಣ್ಣ ನನ್ನ ಪಕ್ಕ ಬಂದು ತಲೆ ಕೆರೆದುಕೊಂಡ. "ಹಂಗಾದ್ರೆ ಅಕ್ಕಾ, ಎರಡನೇ ಸಲ ನಾವು ಕುಣಿದಿದ್ದು ಕೊಂಡ ಪೆಟ್ಟಿಗೆಗಾ? ಎಂಥಾ ದಡ್ಡ ಕಾಲು ನಮ್ದು" ಅಂದ. "ನಿಮ್ಮ ಕಾಲಿನ ಸುದ್ದಿ ಬಿಡಿ, ತಟ್ಟೆ ತೊಳೀರಿ ಹೋಗಿ" ಅಂದೆ. ನೂರೆಂಟು ತಟ್ಟೆ ಅವನ ಕೈಯಲ್ಲೇ ತೊಳೆಸಿದೆ. ಒಂದೊಂದು ತಟ್ಟೆಯನ್ನೂ ಬೆಳಕಿಗೆ ಹಿಡಿದು ನೋಡಿ, ಎರಡನ್ನು ಮತ್ತೆ ತೊಳೆಸಿದೆ.

ಮಾಬುಸೆಲಾ ಸೋಮವಾರ ಬೆಳಗ್ಗೆ ನನ್ನ ಗೇಟಿಗೆ ಬಂದಿದ್ದ. ಕುತ್ತಿಗೆಯಲ್ಲಿ ವಸ್ತ್ರವಿಲ್ಲ. ಒಳಗೆ ಕರೆದರೂ ಬರಲಿಲ್ಲ. "ಮೇಡಂ, ಜಗಳಕ್ಕೆ ಬಂದಿಲ್ಲ. ಒಂದೇ ಮಾತು ಕೇಳ್ತೀನಿ. ನನಗೆ ಆ ಗೊಣಗು ಕೇಳ್ಸಿತ್ತು. ಈಗ ನಿಮ್ಮನ್ನ ನೋಡ್ತಿದ್ದೀನಲ್ಲ, ಇಷ್ಟು ಸ್ಪಷ್ಟವಾಗಿ ಕೇಳ್ಸಿತ್ತು. ಇಲ್ಲದೇ ಇರೋದು ಹಾಗೆ ಕೇಳ್ಸೋದಾದ್ರೆ, ಇಪ್ಪತ್ತೆರಡು ವರ್ಷ ನಾನು ಏನು ಬರೆದಿರಬಹುದು?" ಅಂದ. ನಾನು, "ಅದನ್ನ ನನ್ನ ತಮ್ಮನ್ನ ಕೇಳ್ಬೇಕು" ಅಂದು ಬಾಗಿಲು ಹಾಕಿದೆ. ನಿನ್ನೆ ಶುಕ್ರವಾರ. ಪೇಪರಿನಲ್ಲಿ ಅವನ ಅರ್ಧ ಪುಟ ಇರಲಿಲ್ಲ. ಎರಡೇ ಸಾಲು, ಲೇಖಕರು ಸದ್ಯಕ್ಕೆ ಬರೆಯುವುದನ್ನು ನಿಲ್ಲಿಸಿದ್ದಾರೆ, ಓದುಗರು ಕ್ಷಮಿಸಬೇಕು ಎಂದು. ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ. ಗೋಡೆಗೆ ಅಂಟಿಸಿಕೋ.

ಇನ್ನೇನು ಬೇಕು? ಹೊತ್ತು ತರಬೇಕು ಅಂದೆ, ತಂದರು. ಅವನ ಬಾಯಿ ಮುಚ್ಚಬೇಕು ಎಂದು ನೀನು ಕೇಳಿರಲಿಲ್ಲ, ಅದು ನನ್ನ ಕಡೆಯಿಂದ ಉಡುಗೊರೆ. ಹಿತ್ತಿಲ ಕೋಣೆಯನ್ನು ಗುಡಿಸಿದ್ದೇನೆ. ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದೇನೆ. ಶವಪೆಟ್ಟಿಗೆ ಅಂಗಡಿಯವನು ನಿನ್ನ ಜಾಗಕ್ಕೆ ಇಟ್ಟುಕೊಂಡವನು ಮೂಲೆ ಕೂಡಿಸಲು ಬಾರದ ಕಟುಕನಂತೆ. ಸತ್ತವರು ದೂರುವುದಿಲ್ಲವಾದ್ದರಿಂದ ಇನ್ನೂ ಉಳಿದಿದ್ದಾನೆ. ಪಕ್ಕದ ಮನೆಯವರೆಲ್ಲ ನಿನ್ನನ್ನು ಕೇಳಿದರೆಂದು ಹೇಳು ಅಂದರು, ಎಲಿಫಾಸಣ್ಣನೂ ಹೇಳಿದ, ಅವನದನ್ನು ಬೇಕಾದರೆ ತೆಗೆದುಕೋ, ಬೇಡವಾದರೆ ಬಿಡು. ನಮ್ಮ ಹಿರಿಯರು ನಿನ್ನ ಬೆನ್ನನ್ನೂ ಮೂಗನ್ನೂ ಕಾಯಲಿ. ತಲೆಗೆ ಹ್ಯಾಟಿಲ್ಲದೆ ಬಿಸಿಲಿಗೆ ಹೋಗಬೇಡ.

ನಿನ್ನನ್ನು ಬೆನ್ನಿಗೆ ಕಟ್ಟಿಕೊಂಡು ನೀರು ಹೊತ್ತ,
ಅಕ್ಕ ಹುನಾಡಿ

ತಾ.ಕ.: ಲಕೋಟೆಗೆ ಅಂಟು ಹಚ್ಚಿ, ಅಂಚೆ ಕಚೇರಿಯ ಸಾಲಿನಲ್ಲಿ ನಿಂತು, ಮತ್ತೆ ಹರಿದು ತೆರೆದು ಇಲ್ಲೇ ಬೆಂಚಿನ ಮೇಲೆ ಬರೆಯುತ್ತಿದ್ದೇನೆ. ಕೌಂಟರಿನವನು ಮುಚ್ಚುವ ಹೊತ್ತಾಯಿತೆಂದು ಗೊಣಗುತ್ತಿದ್ದಾನೆ. ಚೀಟಿಯಲ್ಲಿದ್ದದ್ದು ನಾನು ಓದಿದ್ದಲ್ಲ. ಸಾಲ್ಫಿನಜ್ಜಿ ಬರೆದದ್ದು "ಮೊದಲು ಕೊಂಡದ್ದು, ಆಮೇಲೆ ಫೆಟೊಲೆಯದು" ಎಂದು. ಅವನು ಸರಿಯಾಗಿ ಹೇಳಿದ್ದ. ಗೊಣಗು ಇದೆ ಕಣೋ, ಎಡಗಡೆಯ ಪೆಟ್ಟಿಗೆಯಲ್ಲಿ. ಮೊದಲ ದಿನದಿಂದ ನನಗೆ ಗೊತ್ತು; ಕಿವಿಗಿಂತ ಮೊದಲು ಅದು ನನ್ನ ಮಂಡಿಗೆ ತಿಳಿಯುತ್ತದೆ, ಅದು ಬಂದರೇ ನಾನು ಕುಣಿಯಲು ಏಳುವುದು. ಆ ದಿನವೂ ಎರಡನೆಯ ಸಲ ಮೊದಲ ತಂತಿಗೇ ಗೊತ್ತಾಯಿತು, ಅದಕ್ಕೇ ಬೆವೆತದ್ದು. ಕೊಡಲಿ ಎದುರಿಗಿತ್ತು, ಓದಿಬಿಟ್ಟೆ. ಓದುವಾಗ ಒಂದನ್ನು ಮರೆತೆ. ಆ ಮುದುಕ ಹ್ಯಾಟು ತೆಗೆದದ್ದು ನಿನ್ನ ಪೆಟ್ಟಿಗೆಗೆ. ಎಲಿಫಾಸಣ್ಣನ ಹಿಮ್ಮಡಿ ಕುಟ್ಟಿದ್ದು ನಿನ್ನ ಪೆಟ್ಟಿಗೆಗೆ. ಡೆನ್ಮಾರ್ಕಿಗೆ ಒಬ್ಬನೂ ಏಳಲಿಲ್ಲ ಫೆಟೊಲೆ, ನಿನಗೆ ಎದ್ದರು, ಯಾವುದು ಯಾರದೆಂದು ತಿಳಿಯದೆ, ಯಾರ ಹುಬ್ಬನ್ನೂ ನೋಡದೆ ಎದ್ದರು. ನಿನಗೆ ಬರಬೇಕಾಗಿದ್ದ ಆ ಕುಣಿತವನ್ನು ಆ ಮನುಷ್ಯನ ಮುಖ ನೋಡುವ ಆಸೆಗೆ ನಾನೇ ಡೆನ್ಮಾರ್ಕಿನವರಿಗೆ ಕೊಟ್ಟುಬಿಟ್ಟೆ. ನಾನು ಓದಿದ್ದು ಏನೆಂದು ಅಜ್ಜಿಗೆ ಇಲ್ಲಿಯವರೆಗೆ ಯಾರೂ ಸ್ಲೇಟಿನಲ್ಲಿ ಬರೆದು ತೋರಿಸಿಲ್ಲ. ಚೀಟಿ ನನ್ನ ಬಳಿಯಿದೆ. ಮಾಬುಸೆಲಾನ ವಿಳಾಸ ಬರೆದ ಇನ್ನೊಂದು ಲಕೋಟೆಯಲ್ಲಿ ಹಾಕಿ, ಅಂಚೆಚೀಟಿಯನ್ನೂ ಹಚ್ಚಿ ಇಟ್ಟಿದ್ದೇನೆ. ಅವನಿಗೆ ಸಿಕ್ಕರೆ ಎಲ್ಲರಿಗೂ ತೋರಿಸುತ್ತಾನೆ, ತೋರಿಸಲಿ. ಪಂದ್ಯದಂತೆ ಪೆಟ್ಟಿಗೆ ಸೀಳಲು ಕೊಡಲಿ ತಂದರೆ ಅಡ್ಡ ನಾನಿರುತ್ತೇನೆ, ನೀನು ಅವರ ಕಾಲುಗಳನ್ನು ಸಾಕ್ಷಿಗೆ ಕರಿ. ಆದರೆ ನೀನು ಬಂದು ನನ್ನ ಗೇಟಿನೊಳಗೆ ಕಾಲಿಟ್ಟ ದಿನ ಅದನ್ನು ಅಂಚೆಗೆ ಹಾಕುತ್ತೇನೆ, ಅದಕ್ಕಿಂತ ಒಂದು ದಿನ ಮುಂಚೆ ಇಲ್ಲ. ಅಲ್ಲಿಯವರೆಗೆ ಅವನು ತನ್ನ ಕಿವಿಯನ್ನು ತಾನೇ ನಂಬದೆ ಕೂತಿರಲಿ. ನಿನ್ನದು ಮೆತ್ತನೆಯ ಮನಸ್ಸು, ನನಗೆ ಗೊತ್ತು. ಅವನ ಮೇಲೆ ಪಾಪ ಅನ್ನಿಸಿದರೆ ಬಸ್ಸು ಹತ್ತು.